ಕಾರಿನ ಗುಣ ಎಲ್ಲಿಂದ ಬರುತ್ತದೆ?

ಮೊದಲ ಕಾರು ಕೊಳ್ಳಲು ಹೊರಟವರಿಗೆ ಬರುವ ಸಲಹೆಗಳಲ್ಲಿ ದೇಶದ ಹೆಸರು ಇದ್ದೇ ಇರುತ್ತದೆ. ಜಪಾನಿನದ್ದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಜರ್ಮನಿಯದ್ದು ಓಡಿಸಲು ಸೊಗಸು ಆದರೆ ರಿಪೇರಿಗೆ ಬಂದರೆ ಜೇಬಿಗೆ ಕತ್ತರಿ, ಇಟಲಿಯದ್ದು ನೋಡಲು ಚೆಂದ, ನಂಬುವುದು ಕಷ್ಟ. ಇವು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಾರಿನ ಸ್ವಭಾವ ಒಂದು, ಬಾಳಿಕೆ ಇನ್ನೊಂದು. ಇವೆರಡನ್ನೂ ಬೇರೆ ಮಾಡಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಸ್ವಭಾವ ಬರುವುದು ಹುಟ್ಟಿದ ನಾಡಿನ ರಸ್ತೆಯಿಂದ. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಎಷ್ಟೋ ಭಾಗಗಳಲ್ಲಿ ಇಂದಿಗೂ ವೇಗಮಿತಿ ಇಲ್ಲ. ಗಂಟೆಗೆ 180 ಕಿ.ಮೀ. ಓಟದಲ್ಲೂ ಅಲ್ಲಿನ ಕಾರು ತೂಗಾಡಬಾರದು. ಅದಕ್ಕೇ ಸಸ್ಪೆನ್ಷನ್ ಬಿಗಿ, ಬ್ರೇಕ್ ಚುರುಕು. ಫ್ರಾನ್ಸಿನಲ್ಲಿ ರೈತರಿಗೆಂದು ರೂಪಿಸಿ 1948ರಲ್ಲಿ ಹೊರತಂದ ಸಿಟ್ರೊಯೆನ್ 2ಸಿವಿಗೆ ಇದ್ದ ಗುರಿಯೇ ಬೇರೆ: ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ, ದಾರಿ ನೇರ, ಊರುಗಳು ದೂರ. ಹಾಗಾಗಿ ದೊಡ್ಡ ಎಂಜಿನ್, ಮೆತ್ತನೆಯ ಸೀಟು. ಜಪಾನಿನ ಇಕ್ಕಟ್ಟು ಬೀದಿಗಳಿಗೂ ಅಲ್ಲಿನ ತೆರಿಗೆ ನಿಯಮಕ್ಕೂ ಹೊಂದಿಕೊಂಡು ಬೆಳೆದದ್ದು ಪುಟ್ಟ 'ಕೇ' ಕಾರು. 1983ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800 ಅದೇ ವಂಶದ್ದು.

ಬಾಳಿಕೆಯ ಕಥೆ ಶುರುವಾಗುವುದು ರಸ್ತೆಯಲ್ಲಲ್ಲ, ಕಾರ್ಖಾನೆಯಲ್ಲಿ. ಟೊಯೊಟಾ ಕಂಪನಿಯ ಹಿಂದಿರುವ ಟೊಯೊಡ ಮನೆತನದ ಮೂಲ ಉದ್ಯೋಗ ಮಗ್ಗದ ತಯಾರಿಕೆ. ಸಕಿಚಿ ಟೊಯೊಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ಒಂದು ಎಳೆ ತುಂಡಾದರೂ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುತ್ತಾ ಹೋಗುವುದಕ್ಕಿಂತ ನಿಲ್ಲಿಸಿ ಸರಿಪಡಿಸುವುದು ಮೇಲು ಎಂಬ ಆ ಆಲೋಚನೆಯೇ ಮುಂದೆ ಕಾರಿನ ಕಾರ್ಖಾನೆಗೆ ಬಂತು. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕಾರ್ಮಿಕನಾದರೂ ದೋಷ ಕಂಡೊಡನೆ ಹಗ್ಗ ಎಳೆಯಬಹುದು. ಕೂಡಲೇ ಮೇಲ್ವಿಚಾರಕ ಬರುತ್ತಾನೆ, ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ.

ಇದು ಜಪಾನೀಯರ ರಕ್ತಗುಣ ಎಂದುಕೊಳ್ಳುವವರಿಗೆ ಕ್ಯಾಲಿಫೋರ್ನಿಯದ ಫ್ರೀಮಾಂಟ್ ಊರಿನ ಉದಾಹರಣೆಯನ್ನು ನಾನು ತಪ್ಪದೆ ಹೇಳುತ್ತೇನೆ. ಅಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರ್ಖಾನೆಯೊಂದಿತ್ತು. ಕಾರ್ಮಿಕರು ಕೆಲಸಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಏನೇ ಆದರೂ ಸಾಲು ನಿಲ್ಲಿಸುವಂತಿರಲಿಲ್ಲ. ದೋಷವಿದ್ದ ಕಾರನ್ನೂ ಮುಂದೆ ತಳ್ಳಿ, ಕೊನೆಗೆ ತೇಪೆ ಹಾಕುತ್ತಿದ್ದರು. 1982ರಲ್ಲಿ ಅದಕ್ಕೆ ಬೀಗ ಬಿತ್ತು. 1984ರಲ್ಲಿ ಟೊಯೊಟಾ ಜೊತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ಅದನ್ನೇ ಮತ್ತೆ ತೆರೆದರು. ಹೊಸಬರನ್ನು ಹುಡುಕಲಿಲ್ಲ, ಬಹುಪಾಲು ಹಳೆಯ ಕಾರ್ಮಿಕರನ್ನೇ ಕರೆದರು, ಅವರಲ್ಲಿ ಹಲವರನ್ನು ತಂಡ ತಂಡವಾಗಿ ಜಪಾನಿಗೆ ಕಳಿಸಿ ಕೆಲಸ ಕಲಿಸಿದರು, ಹಗ್ಗ ಎಳೆಯುವ ಅಧಿಕಾರ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನವುಗಳ ಹತ್ತಿರ ಬಂದು ನಿಂತವು. ಅದೇ ಊರು, ಅದೇ ಜನ. ಬದಲಾದದ್ದು ದುಡಿಯುವವನ ಮಾತಿಗೆ ಸಿಕ್ಕ ಬೆಲೆ. ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಕಂಡಿಲ್ಲ.

ಅದೇ ಕಾರ್ಖಾನೆಯಲ್ಲಿ ಟೊಯೊಟಾ ಕೊರೊಲಾ ಮತ್ತು ಜನರಲ್ ಮೋಟರ್ಸ್‌ನ ಜಿಯೊ ಪ್ರಿಜಂ ಒಂದೇ ಸಾಲಿನಲ್ಲಿ ತಯಾರಾಗುತ್ತಿದ್ದವು. ಒಳಗೆ ಹೆಚ್ಚುಕಡಿಮೆ ಒಂದೇ ಕಾರು. ಆದರೂ ಮರುಮಾರಾಟದಲ್ಲಿ ಪ್ರಿಜಂಗೆ ಕಡಿಮೆ ಬೆಲೆ. ನಮ್ಮಲ್ಲೂ ಮಾರುತಿ ಬಲೆನೊ ಕಾರನ್ನೇ ತುಸು ಬದಲಿಸಿ 2019ರಿಂದ ಟೊಯೊಟಾ ಗ್ಲಾಂಜಾ ಎಂದು ಮಾರುತ್ತಿದ್ದಾರೆ. ಬಾಳಿಕೆಗೆ ಕಾರು ಜಪಾನಿನಲ್ಲೇ ತಯಾರಾಗಬೇಕೆಂದೂ ಇಲ್ಲ: ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಕನ್ನಡದ ಹುಡುಗರು ಜೋಡಿಸಿದ ಕ್ವಾಲಿಸ್, ಇನ್ನೋವಾಗಳು ಟ್ಯಾಕ್ಸಿಯಾಗಿ ಲಕ್ಷಾಂತರ ಕಿಲೋಮೀಟರ್ ಓಡಿದ್ದನ್ನು ಯಾವ ಚಾಲಕರನ್ನು ಕೇಳಿದರೂ ಹೇಳುತ್ತಾರೆ.

ಜರ್ಮನಿಯ ಕಾರಿನ ಬಗ್ಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ. ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುವ ಒಡೆಯನನ್ನು ನಂಬಿಯೇ ಆ ಕಾರು ರೂಪುಗೊಂಡಿದೆ ಎಂದು ನನಗನ್ನಿಸುತ್ತದೆ. ಆಯಿಲ್ ಬದಲಾವಣೆಯನ್ನು ಮುಂದಿನ ತಿಂಗಳಿಗೆ ದೂಡುವವರಿಗೆ ಅದು ಹೊಂದುವುದಿಲ್ಲ.

ಆದ್ದರಿಂದ ಷೋರೂಮಿಗೆ ಹೋದಾಗ ದೇಶ ಯಾವುದೆಂದು ಕೇಳುವ ಮೊದಲು ಈ ಎಂಜಿನ್ ಮತ್ತು ಗಿಯರ್‌ಬಾಕ್ಸ್ ಎಷ್ಟು ವರ್ಷದಿಂದ ಮಾರುಕಟ್ಟೆಯಲ್ಲಿವೆ, ನಿಮ್ಮ ಊರಿನ ಹತ್ತಿರ ಸರ್ವಿಸ್ ಸೆಂಟರ್ ಇದೆಯೇ, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ವಿಚಾರಿಸಿ. ಹಳೆಯ ಕಾರಾದರೆ ಸರ್ವಿಸ್ ದಾಖಲೆ ಕೇಳಿ ನೋಡಿ. ಅದಿಲ್ಲದಿದ್ದರೆ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ.