ಪ್ರಳಯವೆಂದರೆ ಶೂನ್ಯವೇ?

ನಿತ್ಯವೂ ಸಂಕಲ್ಪದಲ್ಲಿ ದ್ವಿತೀಯ ಪರಾರ್ಧ, ಶ್ವೇತವರಾಹಕಲ್ಪ, ವೈವಸ್ವತ ಮನ್ವಂತರ ಎಂದು ನಾವು ಉಚ್ಚರಿಸುತ್ತೇವೆ. ಚತುರ್ಮುಖ ಬ್ರಹ್ಮದೇವರ ಒಂದು ಹಗಲು 432 ಕೋಟಿ ಮಾನುಷ ವರ್ಷ, ರಾತ್ರಿಯೂ ಅಷ್ಟೇ. ಅಂತಹ ನೂರು ವರ್ಷಗಳ ಆಯುಸ್ಸು 3,11,04,000 ಕೋಟಿ ವರ್ಷಗಳಾಗುತ್ತದೆ. ಹಗಲು ಮುಗಿದಾಗ ಮೂರು ಲೋಕಗಳ ಲಯ, ಆಯುಸ್ಸು ಮುಗಿದಾಗ ಮಹಾಪ್ರಳಯ.

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ಓದಿದೊಡನೆ, 432ಕ್ಕೆ ಸರಿಹೋಯಿತೆಂದು ಹಿಗ್ಗುವವರಿದ್ದಾರೆ. ಈ ಹೋಲಿಕೆ ನಮಗೆ ಸಮ್ಮತವಲ್ಲ. ಸಂಕಲ್ಪದಂತೆಯೇ ನಾವಿರುವುದು ಹದಿನಾಲ್ಕರಲ್ಲಿ ಏಳನೆಯ ಮನ್ವಂತರ. ಈ ಹಗಲಿನ ಅರ್ಧವೂ ಇನ್ನೂ ಕಳೆದಿಲ್ಲ. ವಿಜ್ಞಾನದ ಅಂಕಿ ನಾಳೆ ಬದಲಾದರೆ ಶಾಸ್ತ್ರವನ್ನೂ ತಿದ್ದುವುದೇ?

ವಿಜ್ಞಾನಿಗಳು ಹೇಳುವುದನ್ನು ಅದರ ಸ್ಥಾನದಲ್ಲಿಯೇ ಕೇಳೋಣ. ಸೂರ್ಯನ ಪ್ರಖರತೆ ಏರುತ್ತ ಇನ್ನು ಸುಮಾರು 100 ಕೋಟಿ ವರ್ಷಗಳಲ್ಲಿ ಸಮುದ್ರಗಳು ಬತ್ತತೊಡಗುವುವು. ಸುಮಾರು 500 ಕೋಟಿ ವರ್ಷಗಳ ನಂತರ ಸೂರ್ಯನು ಉಬ್ಬಿ ಕೆಂಪು ದೈತ್ಯನಾಗುವನು. ವಿಶ್ವದ ವಿಸ್ತರಣೆ ವೇಗಗೊಳ್ಳುತ್ತಿದೆಯೆಂದು 1998ರಲ್ಲಿ ತಿಳಿದುಬಂದಿತು. ಲಕ್ಷಗಟ್ಟಲೆ ಕೋಟಿ ವರ್ಷ ಮಂದವಾಗಿ ಉರಿಯುವ ಕಿರುನಕ್ಷತ್ರಗಳೂ ಆರಿ, ಬಹುಕಾಲಾನಂತರ ಎಲ್ಲೆಡೆ ಒಂದೇ ತಂಪು ಉಳಿಯುವುದನ್ನು ಉಷ್ಣಮರಣ ಎನ್ನುತ್ತಾರೆ. ಉಗಿಬಂಡಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ವಿಷಯ. ಬಾಯ್ಲರಿನ ಕಾವಿಗೂ ಹೊರಗಿನ ತಂಪಿಗೂ ಅಂತರವಿರುವವರೆಗೆ ಮಾತ್ರ ಪಿಸ್ಟನ್ ಚಲಿಸುತ್ತದೆ. ಎರಡೂ ಸಮವಾದರೆ ಶಾಖವಿದ್ದೂ ಗಾಲಿ ತಿರುಗದು. (ವಿಸ್ತರಣೆಗೆ ಕಾರಣವಾದ ಶಕ್ತಿ ಕುಗ್ಗುತ್ತಿರಬಹುದೆಂಬ ಸುಳಿವು 2024 ಮತ್ತು 2025ರ ಮಾಪನಗಳಲ್ಲಿ ದೊರೆತಿರುವುದರಿಂದ, ಅವರಲ್ಲಿಯೂ ಇದು ಕಡೆಯ ಮಾತಲ್ಲ.)

ಅಲ್ಲಿ ಭೇದವೇ ಸವೆದುಹೋಗಿ ಕಥೆ ಮುಗಿಯುತ್ತದೆ. ನಮ್ಮ ಸಿದ್ಧಾಂತದಲ್ಲಿ ಹಾಗಲ್ಲ. 'ಲೀ' ಧಾತುವಿಗೆ ಧಾತುಪಾಠದಲ್ಲಿ ಹೇಳಿದ ಅರ್ಥ ಶ್ಲೇಷಣ, ಅಂದರೆ ಅಂಟಿಕೊಳ್ಳುವುದು, ಇಲ್ಲವಾಗುವುದಲ್ಲ. ಪೃಥ್ವಿಯು ನೀರಿನಲ್ಲಿ, ನೀರು ತೇಜಸ್ಸಿನಲ್ಲಿ, ಅದು ವಾಯುವಿನಲ್ಲಿ, ವಾಯುವು ಆಕಾಶದಲ್ಲಿ, ಹೀಗೆ ಸೃಷ್ಟಿಗೆ ವಿಪರೀತ ಕ್ರಮದಲ್ಲಿ ಲಯವೆಂಬುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ನಿರ್ಣಯ. ಆಗಲೂ ಕಾಲವಿದೆ, ಮೂಲಪ್ರಕೃತಿಯಿದೆ. ಜೀವರು ಭಗವಂತನ ಉದರದಲ್ಲಿ ಸುಪ್ತರಾಗಿರುತ್ತಾರೆ. ಪಂಚಭೇದಗಳಲ್ಲಿ ಒಂದೂ ಅಳಿಯದು.

"ಎಲ್ಲವೂ ಒಂದು ದಿನ ಹೋಗುವುದಾದರೆ ಇದೆಲ್ಲ ಸುಳ್ಳೇ?" ಎಂದು ಕಾಲೇಜಿಗೆ ಹೋಗುವ ಮಕ್ಕಳು ಕೇಳಿದರೆ ಹಿರಿಯರು ಸುಮ್ಮನಿರಬೇಕಾಗಿಲ್ಲ. ಅನಿತ್ಯತ್ವ ಬೇರೆ, ಮಿಥ್ಯಾತ್ವ ಬೇರೆ. ಈ ಬ್ರಹ್ಮಾಂಡವು ಅನಿತ್ಯ. ಆದರೆ ಇರುವಷ್ಟು ಕಾಲವೂ ಸತ್ಯವೆಂದೇ ಶ್ರೀಮದಾಚಾರ್ಯರು ಸಾಧಿಸಿದ್ದಾರೆ.