ಗಾರೆಯವನ ದಾರ, ಗಾಲ್ಫಿನ ನಿಲುವು

ಮಳೆ ಕೈಕೊಟ್ಟ ವರ್ಷ ಆದೋನಿ ಸೀಮೆಯ ಹಳ್ಳಿಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ನಾವೂ ಹಾಗೆ ಬಂದವರು. ಅಪ್ಪ ಗಾರೆ ಕೆಲಸ ಹಿಡಿದ, ನಾನು ಹದಿನೆಂಟಕ್ಕೆ ಗಾಲ್ಫ್ ಕ್ಯಾಡಿಯಾದೆ. ಈ ಊರಿನಲ್ಲಿ 1876ರಿಂದ ಗಾಲ್ಫ್ ಇದೆಯೆಂದು ತಿಳಿದದ್ದೇ ಬ್ಯಾಗು ಹೊತ್ತ ಮೇಲೆ. ಹೊರುತ್ತಲೇ ಆಟ ಕಲಿತೆ, ಈಗ ಮಕ್ಕಳಿಗೆ ಕಲಿಸುತ್ತೇನೆ. ನನ್ನ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಹೊಡೆತ ತಿದ್ದುವುದರಲ್ಲಲ್ಲ, ಹೊಡೆಯುವ ಮುಂಚೆ ನಿಲ್ಲುವುದನ್ನು ತಿದ್ದುವುದರಲ್ಲಿ. ಅದಕ್ಕೆ ಬೇಕಾದ ಸಾಮಾನು ನನಗೆ ಸಿಕ್ಕಿದ್ದು ಅಪ್ಪನ ಚೀಲದಲ್ಲಿ: ದಾರ, ತೂಗುಗುಂಡು, ಎರಡು ಕಡ್ಡಿ.

1. ಕಣ್ಣನ್ನು ನಂಬಬೇಡಿ, ದಾರ ಕಟ್ಟಿ.

ಅಪ್ಪನದು ಮೂವತ್ತು ವರ್ಷ ಪಳಗಿದ ಕೈ. ಆದರೂ ದಾರ ಕಟ್ಟದೆ ಒಂದು ಇಟ್ಟಿಗೆ ಇಡುತ್ತಿರಲಿಲ್ಲ. ‘ಯಾಕಪ್ಪಾ, ನೆಟ್ಟಗೇ ಅದಲ್ಲ?’ ಎಂದು ಒಮ್ಮೆ ಕೇಳಿದ್ದೆ. ‘ಕಣ್ಣಿಗೆ ನೆಟ್ಟಗ ಕಂಡದ್ದೆಲ್ಲ ನೆಟ್ಟಗ ಇರಂಗಿಲ್ಲೋ ತಮ್ಮಾ, ದಾರಾನ ಕೇಳು’ ಅಂದಿದ್ದ. ಗಾಲ್ಫಿನಲ್ಲಿ ಇದು ಇನ್ನೂ ನಿಜ, ಏಕೆಂದರೆ ಗುರಿ ನಮ್ಮ ಎದುರಿಗಿಲ್ಲ, ಪಕ್ಕಕ್ಕಿದೆ. ಪಕ್ಕಕ್ಕೆ ಕತ್ತು ಹೊರಳಿಸಿ ನೇರ ಅಳೆಯುವ ಅಭ್ಯಾಸ ಯಾವ ಕಣ್ಣಿಗೂ ಹುಟ್ಟಿನಿಂದ ಬಂದಿರುವುದಿಲ್ಲ. ಹೊಸಬರನ್ನು ನಿಲ್ಲಿಸಿ, ಕಾಲ್ಬೆರಳ ಮುಂದೆ ಕಡ್ಡಿ ಇಟ್ಟು, ಹಿಂದೆ ಬಂದು ನೋಡಲು ಹೇಳುತ್ತೇನೆ. ಮೊದಲ ಸಲ ಹೆಚ್ಚಿನವರು ಮಾತೇ ಆಡುವುದಿಲ್ಲ.

2. ಎರಡು ಕಡ್ಡಿ, ಎರಡು ಹಳಿ.

ಒಂದು ಕಡ್ಡಿಯನ್ನು ಚೆಂಡಿನ ಆಚೆ, ಗುರಿಗೆ ಮುಖ ಮಾಡಿ ಇಡಿ. ಇನ್ನೊಂದನ್ನು ಕಾಲ್ಬೆರಳ ಮುಂದೆ, ಮೊದಲನೆಯದಕ್ಕೆ ಸಮಾನಾಂತರವಾಗಿ. ನಮ್ಮೂರ ಮಕ್ಕಳಿಗೆ ಇದನ್ನು ಹೇಳಲು ರಾಯಚೂರು–ಗುಂತಕಲ್ಲು ರೈಲು ದಾರಿ ಸಾಕು. ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ಆದೋನಿ ಸ್ಟೇಷನ್ನಿನಲ್ಲೂ ಅಷ್ಟೇ, ಕಣ್ಣಿಗೆ ಅವು ಕೂಡಿದಂತೆ ಕಾಣುವ ದೂರದಲ್ಲೂ ಅಷ್ಟೇ. ಚೆಂಡು ಆಚೆ ಹಳಿಯ ಮೇಲೆ, ನೀವು ಈಚೆ ಹಳಿಯ ಮೇಲೆ. ಬಲಗೈ ಆಟಗಾರ ಸರಿಯಾಗಿ ನಿಂತಾಗ ತನ್ನ ಮೈ ಗುರಿಯ ಬಾವುಟದ ಎಡಕ್ಕೆ ನೋಡುತ್ತಿದೆ ಎನ್ನಿಸುತ್ತದೆ. ಅದನ್ನು ತಪ್ಪೆಂದು ತಿಳಿದು ಬಲಕ್ಕೆ ತಿರುಗುತ್ತಾನೆ. ಅಲ್ಲಿಂದಲೇ ಕೇಡು ಶುರು.

3. ಕಾಲಡಿಯ ಗೆರೆಯಷ್ಟು ತಪ್ಪು ಮೈದಾನದಾಚೆ ಮಾರುಗಟ್ಟಲೆ ಆಗುತ್ತದೆ.

ನಿಲುವು 5 ಡಿಗ್ರಿ ತಿರುಗಿದರೆ ಕಾಲ ಬಳಿ ಗೊತ್ತೇ ಆಗುವುದಿಲ್ಲ. ಆ ನೇರದಲ್ಲೇ ಹೋದ ಚೆಂಡು 150 ಮೀಟರಿನಲ್ಲಿ ಸುಮಾರು 13 ಮೀಟರ್ ಆಚೆ ಬೀಳುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಲಕ್ಕೆ ನಿಂತವನ ಕೈ, ಚೆಂಡನ್ನು ಗುರಿಗೆ ತರಲು ತಾನಾಗಿ ಎಡಕ್ಕೆ ಎಳೆಯಲು ಕಲಿಯುತ್ತದೆ. ತಪ್ಪು ನಿಲುವಿಗೆ ತಪ್ಪು ಹೊಡೆತ ಜೋಡಿಯಾಗುತ್ತದೆ. ಆಮೇಲೆ ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಆದ್ದರಿಂದ ಹೊಡೆತ ಕೆಟ್ಟಿದೆ ಎಂದು ಬಂದವರ ಕಾಲನ್ನೇ ನಾನು ಮೊದಲು ನೋಡುವುದು.

4. ದೂರದ ಮರ, ಹತ್ತಿರದ ಹೆಂಟೆ.

ಎರೆ ಹೊಲದಲ್ಲಿ ಕೂರಿಗೆ ಹಿಡಿದವರು ಸಾಲು ಸೊಟ್ಟಗಾಗದಂತೆ ಬದುವಿನ ಮರದ ಮೇಲೆ ಕಣ್ಣಿಡುತ್ತಾರೆ. ಗಾಲ್ಫಿನಲ್ಲಿ ಮರವೊಂದೇ ಸಾಲದು. ಚೆಂಡಿನ ಹಿಂದೆ ನಿಂತು ಬಾವುಟ ನೋಡಿ, ಅದೇ ಗೆರೆಯಲ್ಲಿ ಚೆಂಡಿನಿಂದ ಒಂದು ಮೀಟರಿನೊಳಗೆ ಏನಾದರೂ ಗುರುತು ಹಿಡಿಯಿರಿ: ಒಣಗಿದ ಎಲೆ, ಬಣ್ಣ ಬೇರೆಯಾದ ಹುಲ್ಲು. ಮೊದಲು ಕ್ಲಬ್ಬಿನ ಮುಖವನ್ನು ಆ ಗುರುತಿಗೆ ಹಿಡಿದು, ಆಮೇಲೆ ಕಾಲು ಹೊಂದಿಸಿ. ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಪ್ರತಿ ಹೊಡೆತಕ್ಕೂ ಪಾಲಿಸುತ್ತಿದ್ದ ಕ್ರಮ ಇದು. ಕಾಲು ಮೊದಲಿಟ್ಟು ಆಮೇಲೆ ಕ್ಲಬ್ಬು ತಿರುಗಿಸಿದರೆ ಕಡ್ಡಿಯಿಂದ ಕಲಿತದ್ದೆಲ್ಲ ವ್ಯರ್ಥ.

5. ಕಾಲು ನೇರವಿದ್ದರೂ ಭುಜ ಸೊಟ್ಟಗಿರಬಹುದು.

ಒಬ್ಬ ಹಿರಿಯರು ಕಡ್ಡಿಗೆ ಸರಿಯಾಗಿ ಕಾಲಿಡುತ್ತಿದ್ದರು, ಚೆಂಡು ಮಾತ್ರ ಪ್ರತಿ ಸಲ ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿತ್ತು. ನಾನು ಎರಡು ವಾರ ಅವರ ಕಾಲನ್ನೇ ನೋಡಿದೆ. ಅದು ನನ್ನ ತಪ್ಪು. ಕೊನೆಗೆ ಒಂದು ಕಡ್ಡಿಯನ್ನು ಅವರ ಎದೆಗೆ ಅಡ್ಡ ಹಿಡಿಸಿದಾಗ ಅದು ನೆಲದ ಕಡ್ಡಿಯ ಎಡಕ್ಕೆ ತಿರುಗಿತ್ತು. ಚೆಂಡನ್ನು ಎಡಗಾಲಿನ ಕಡೆಗೆ ತೀರಾ ಮುಂದಿಟ್ಟಿದ್ದರು. ಅದನ್ನು ಮುಟ್ಟಲು ಭುಜ ತೆರೆದುಕೊಳ್ಳುತ್ತಿತ್ತು. ಚೆಂಡನ್ನು ಎರಡು ಬೆರಳು ಹಿಂದೆ ಸರಿಸಿದ ಮೇಲೆ ಭುಜ ತಾನೇ ಮುಚ್ಚಿತು. ಕಾಲು, ತೊಡೆ, ಎದೆ, ಮೂರು ಕಡೆಯೂ ಕಡ್ಡಿ ಹಿಡಿದು ನೋಡಿ.

6. ತೂಗುಗುಂಡಿಗೂ ಕೆಲಸವಿದೆ.

ನಿಂತವರ ಭುಜದ ಹಿಂಬದಿಯಿಂದ ಗುಂಡು ಇಳಿಬಿಡಿ. ದಾರ ಮಂಡಿಚಿಪ್ಪಿನ ಹತ್ತಿರ ಹಾದು ಪಾದದ ಮುಂಭಾಗದ ಮೇಲೆ ಬಂದರೆ ತೂಕ ಸರಿಯಾಗಿದೆ. ಹಿಮ್ಮಡಿಗೆ ಬಂದರೆ ಹಿಂದಕ್ಕೆ ಕೂತಿದ್ದೀರಿ. ಪಟ್ ಮಾಡುವಾಗ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವಾಗ, ಮೂಗಿನ ಬುಡದಿಂದ ಇಳಿಬಿಡಿ. ಗುಂಡು ಚೆಂಡಿನ ಮೇಲೆ ಅಥವಾ ಕೂದಲಷ್ಟು ಈಚೆಗೆ ಬರಬೇಕು, ಆಚೆಗಲ್ಲ. ಪಟ್ ಅಭ್ಯಾಸಕ್ಕೆಂದು ಅಂಗಡಿಯಲ್ಲಿ ಸಿಗುವ ಕನ್ನಡಿ ಮಾಡುವುದೂ ಇದೇ ಕೆಲಸ.

7. ಆಟದ ದಿನ ದಾರ ಇರುವುದಿಲ್ಲ.

2019ರಲ್ಲಿ ನಿಯಮ ಬದಲಾಯಿತು. ನಿಲುವು ಹೊಂದಿಸಲು ಕ್ಲಬ್ಬನ್ನೋ ಕಡ್ಡಿಯನ್ನೋ ನೆಲಕ್ಕಿಡುವಂತಿಲ್ಲ. ಆ ವರ್ಷವೇ ಒಂದು ಸ್ಪರ್ಧೆಯಲ್ಲಿ ಹಳೆಯ ರೂಢಿಯಂತೆ ಕಾಲ್ಬೆರಳ ಮುಂದೆ ಕ್ಲಬ್ಬಿಟ್ಟೆ. ನೆನಪಾಗಿ ಹೊಡೆಯುವ ಮುಂಚೆಯೇ ಎತ್ತಿಕೊಂಡೆ. ಎತ್ತಿದರೂ 2 ಹೊಡೆತಗಳ ದಂಡ ತಪ್ಪಲಿಲ್ಲ. ಆಟಗಾರ ನಿಲ್ಲತೊಡಗಿದ ಮೇಲೆ ಕ್ಯಾಡಿಯೂ ಚೆಂಡಿನ ಹಿಂದಿನ ಗೆರೆಯಲ್ಲಿ ನಿಂತು ನೇರ ನೋಡುವಂತಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಬ್ಯಾಗು ಹೊತ್ತದ್ದು ಅವರ ತಾಯಿ. ಹೊಡೆತದ ಹೊತ್ತಿಗೆ ಆ ತಾಯಿಯೂ ಪಕ್ಕಕ್ಕೆ ಸರಿಯಬೇಕು, ಮಗಳು ತನ್ನ ನೇರ ತಾನೇ ಕಂಡುಕೊಳ್ಳಬೇಕು. ಅದಕ್ಕೇ ನನ್ನ ಮಕ್ಕಳಿಗೆ ಹತ್ತು ಚೆಂಡು ಕಡ್ಡಿಯೊಂದಿಗೆ, ಐದು ಚೆಂಡು ಕಡ್ಡಿಯಿಲ್ಲದೆ. ಆರನೆಯದಕ್ಕೆ ನಿಂತಾಗ ಮತ್ತೆ ಕಡ್ಡಿ ಇಟ್ಟು ನೋಡುತ್ತೇವೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಹತ್ತಿ ಬಿಡಿಸಿ ಮುಗಿದ ಹೊಲ, ಹುಡುಗರಿಗೆಲ್ಲ ಸೇರಿ ಒಂದೇ ಕ್ಲಬ್ಬು. ಅಪ್ಪ ತಾನೇ ಗೂಟ ನೆಟ್ಟು ದಾರ ಕಟ್ಟಿಕೊಟ್ಟ. ಒಂದು ಗಂಟೆ ಹೊಡೆದ ಮೇಲೆ ಯಾರಿಗೂ ಹೇಳದೆ ಬಿಚ್ಚಿ ಉಂಡೆ ಸುತ್ತತೊಡಗಿದ. ‘ಇನ್ನಷ್ಟು ಹೊತ್ತು ಇರಲಿ ತಾತಾ’ ಅಂದ ಒಬ್ಬ ಹುಡುಗ. ‘ಗ್ವಾಡಿ ಎದ್ದಮ್ಯಾಲ ದಾರ ಯಾಕ? ನಿಂದ್ರು, ನೋಡಣ’ ಅಂದ ಅಪ್ಪ. ಹುಡುಗ ಚೆಂಡಿನ ಹಿಂದೆ ಹೋಗಿ ದೂರದ ಬೇವಿನ ಮರ ನೋಡಿದ, ಕಾಲ ಬಳಿಯ ಹೆಂಟೆ ನೋಡಿದ, ಬಂದು ನಿಂತ. ನಾನು ಕಡ್ಡಿ ಇಟ್ಟು ನೋಡಿದೆ. ನೇರವಿತ್ತು.