ಜೋಡಿ ಇಂಜಿನ್‌ಗಳ ಟೈಮಿಂಗ್ ದೋಷ: ಪತ್ತೆ ಹಚ್ಚುವ ಕ್ರಮ ಮತ್ತು ಲೆಕ್ಕ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಘಟಕವಾಗಲಿ, ನೆಲಮಂಗಲ, ಹೊಸಕೋಟೆಗಳ ಬಿಡಿಭಾಗ ತಯಾರಿಕಾ ಘಟಕವಾಗಲಿ, ವಿದ್ಯುತ್ ಕಡಿತವಾದ ವೇಳೆಯಲ್ಲಿ ಡೀಸೆಲ್ ಜನರೇಟರನ್ನೇ ಅವಲಂಬಿಸಬೇಕಾಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲೆಂಬ ಉದ್ದೇಶದಿಂದ ಒಂದೇ ಮಾದರಿಯ ಎರಡು ಜನರೇಟರ್‌ಗಳನ್ನು ಅಳವಡಿಸಿಕೊಳ್ಳುವುದೂ ಉಂಟು. ಆದರೆ ಎರಡಕ್ಕೂ ಸೇರಿ ಲೆಕ್ಕದ ಪುಸ್ತಕದಲ್ಲಿರುವುದು ಸಾಮಾನ್ಯವಾಗಿ ಒಂದೇ ಖಾತೆ: ‘ಡೀಸೆಲ್ ವೆಚ್ಚ’. ಎರಡರಲ್ಲಿ ಒಂದರ ಟೈಮಿಂಗ್ ತಪ್ಪಿ ಹಣ ಹೊಗೆಯಾಗಿ ಹೋಗುತ್ತಿದ್ದರೂ ಈ ಒಂದೇ ಖಾತೆಯು ಅದನ್ನು ಮರೆಮಾಚುತ್ತದೆ.

ಟೈಮಿಂಗ್ ಎಂದರೇನು?

ಪೆಟ್ರೋಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಕ್ಷಣವೂ, ಡೀಸೆಲ್ ಇಂಜಿನ್ನಿನಲ್ಲಿ ಸಿಲಿಂಡರಿನೊಳಕ್ಕೆ ಇಂಧನ ಚಿಮ್ಮುವ ಕ್ಷಣವೂ ಪಿಸ್ಟನ್ನಿನ ಚಲನೆಗೆ ಹೊಂದಿಕೊಂಡಿರಬೇಕು. ಈ ಹೊಂದಾಣಿಕೆಯೇ ಟೈಮಿಂಗ್. ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಇಂಧನ ಚಿಮ್ಮಬೇಕೆಂಬುದನ್ನು ತಯಾರಕರು ಗೊತ್ತುಪಡಿಸಿರುತ್ತಾರೆ. 50 ಹರ್ಟ್ಜ್ ವಿದ್ಯುತ್ತಿಗಾಗಿ ನಿಮಿಷಕ್ಕೆ 1500 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದು ಡಿಗ್ರಿಯೆಂದರೆ ಸೆಕೆಂಡಿನ 9000ದಲ್ಲೊಂದು ಭಾಗ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಕಿವಿಯೊಂದರಿಂದಲೇ ಅಳೆಯುವುದು ಕಷ್ಟಸಾಧ್ಯ.

ಇಂಧನ ಬೇಗ ಚಿಮ್ಮಿದರೆ ಬಡಿತದ ಗಡಸು ಸದ್ದು ಕೇಳಿಸುತ್ತದೆ. ಬೇರಿಂಗ್ ಮತ್ತು ಹೆಡ್ ಗ್ಯಾಸ್ಕೆಟ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ. ತಡವಾಗಿ ಚಿಮ್ಮಿದರೆ ಶಕ್ತಿ ಕುಗ್ಗುತ್ತದೆ, ಹೊಗೆ ಹೆಚ್ಚುತ್ತದೆ, ಹೊಗೆಕೊಳವೆ ಅತಿಯಾಗಿ ಕಾಯುತ್ತದೆ, ಡೀಸೆಲ್ ಬಳಕೆ ಏರುತ್ತದೆ. ಬಡಿತದ ಸದ್ದು ಎಲ್ಲರ ಗಮನಕ್ಕೂ ಬರುತ್ತದೆ. ಏರಿದ ಬಳಕೆ ಮಾತ್ರ ಲೆಕ್ಕವಿಲ್ಲದೆ ತಿಳಿಯದು.

ಒಂದು ಕಾಲ್ಪನಿಕ ಲೆಕ್ಕ

62.5 ಕೆ.ವಿ.ಎ. ಸಾಮರ್ಥ್ಯದ ಎರಡು ಜನರೇಟರ್‌ಗಳು ತಿಂಗಳಿಗೆ ತಲಾ 90 ಗಂಟೆ ನಡೆದು ತಲಾ 2,700 ಯೂನಿಟ್ ವಿದ್ಯುತ್ ಉತ್ಪಾದಿಸಿವೆ ಎಂದು ಭಾವಿಸಬಹುದು. ಒಂದನೆಯದು 810 ಲೀಟರ್, ಎರಡನೆಯದು 900 ಲೀಟರ್ ಡೀಸೆಲ್ ಬಳಸಿದೆ. ಒಟ್ಟು ಲೆಕ್ಕದಲ್ಲಿ 1,710 ಲೀಟರಿಗೆ 5,400 ಯೂನಿಟ್, ಅಂದರೆ ಲೀಟರಿಗೆ 3.16 ಯೂನಿಟ್. ಇದರಲ್ಲಿ ಯಾವ ದೋಷವೂ ಎದ್ದು ಕಾಣದು. ಬಿಡಿಸಿ ನೋಡಿದರೆ ಒಂದನೆಯದು ಲೀಟರಿಗೆ 3.33 ಯೂನಿಟ್ ಕೊಟ್ಟರೆ, ಎರಡನೆಯದು ಕೇವಲ 3.00 ಯೂನಿಟ್ ಕೊಟ್ಟಿದೆ. ವ್ಯತ್ಯಾಸ ತಿಂಗಳಿಗೆ 90 ಲೀಟರ್. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 8,100 ರೂ., ವರ್ಷಕ್ಕೆ 97,200 ರೂ. ನಷ್ಟ.

ಈ ನಷ್ಟಕ್ಕೆ ತೆರಿಗೆಯ ಮುಖವೂ ಉಂಟು. ಡೀಸೆಲ್ ಇನ್ನೂ ಜಿ.ಎಸ್.ಟಿ. ವ್ಯಾಪ್ತಿಗೆ ಸೇರಿಲ್ಲವಾದುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಪೋಲಾದ ಪ್ರತಿ ಲೀಟರಿನ ಪೂರ್ಣ ಬೆಲೆ ಉದ್ದಿಮೆಯ ಮೇಲೆಯೇ ಬೀಳುತ್ತದೆ. ರಾಜಿ ತೆರಿಗೆ ಯೋಜನೆಗೆ ಸೇರದೆ, ತೆರಿಗೆಗೊಳಪಡುವ ಸರಕು ತಯಾರಿಸುವ ನೋಂದಾಯಿತ ಘಟಕಕ್ಕೆ ರಿಪೇರಿ ಬಿಲ್ಲಿನ ಮೇಲಿನ ಜಿ.ಎಸ್.ಟಿ.ಗೆ ಕ್ರೆಡಿಟ್ ದೊರೆಯುತ್ತದೆ. ಆದುದರಿಂದ ‘ರಿಪೇರಿ ಖರ್ಚು ಉಳಿಸೋಣ’ ಎಂದು ದೋಷವನ್ನು ಮುಂದಕ್ಕೆ ತಳ್ಳುವುದು ಲಾಭದಾಯಕವಲ್ಲ.

ಜೋಡಿಯೇ ಅಳತೆಗೋಲು

ಒಂದೇ ಇಂಜಿನ್ ಇದ್ದವರಿಗೆ ತಮ್ಮ ಬಳಕೆ ಸರಿಯೋ ತಪ್ಪೋ ಎಂದು ಹೋಲಿಸಲು ತಯಾರಕರ ಪುಸ್ತಕವೊಂದೇ ಆಧಾರ. ಎರಡಿದ್ದವರಿಗೆ ಒಂದಕ್ಕೆ ಇನ್ನೊಂದೇ ಅಳತೆಗೋಲು. ಆದರೆ ಹೋಲಿಕೆಯು ಸಮಾನ ಸ್ಥಿತಿಯಲ್ಲಿ ನಡೆಯಬೇಕು. ಜೋಡಿ ಇಂಜಿನ್ನಿನ ಮೋಟಾರು ದೋಣಿಗಳ ನಿದರ್ಶನ ಇಲ್ಲಿ ಉಪಯುಕ್ತ. ಅಂತಹ ಎಷ್ಟೋ ದೋಣಿಗಳಲ್ಲಿ ಒಂದು ಇಂಜಿನ್ ಎಡಕ್ಕೂ ಇನ್ನೊಂದು ಬಲಕ್ಕೂ ತಿರುಗುತ್ತವೆ. ಇದನ್ನರಿಯದೆ ಒಂದರ ಕಿಡಿಯ ಅನುಕ್ರಮವನ್ನೂ ಗುರುತನ್ನೂ ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಿದ ಮೆಕ್ಯಾನಿಕ್ ಎರಡನೆಯದನ್ನು ಕೆಡಿಸುತ್ತಾನೆ. ಜನರೇಟರ್‌ಗಳಲ್ಲಿಯೂ ಒಂದರ ಮೇಲೆ ಭಾರ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಇದ್ದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಅತಿ ಕಡಿಮೆ ಭಾರದಲ್ಲಿ ನಡೆಯುವ ಇಂಜಿನ್ ದೋಷವಿಲ್ಲದಿದ್ದರೂ ಲೀಟರಿಗೆ ಕಡಿಮೆ ಯೂನಿಟ್ ಕೊಡುತ್ತದೆ.

ಪರಿಶೀಲನೆಯ ಕ್ರಮ

ಪಂಪಿಗೆ ಕೈ ಹಾಕುವುದು ಕೊನೆಯ ಹೆಜ್ಜೆಯಾಗಿರಬೇಕು. ಖರ್ಚು ಕಡಿಮೆಯಿರುವ ಪರೀಕ್ಷೆಗಳಿಂದ ಆರಂಭಿಸುವುದು ವಿಹಿತ.

1. ಎರಡನ್ನೂ ಪ್ರತ್ಯೇಕವಾಗಿ, ಒಂದೇ ಭಾರದಲ್ಲಿ ನಡೆಸಿ, ಯೂನಿಟ್ ಮೀಟರ್ ಮತ್ತು ಡೀಸೆಲ್ ಅಳತೆಯನ್ನು ಬರೆದುಕೊಳ್ಳುವುದು.

2. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್‌ಗಳನ್ನೂ, ಇಂಧನದ ಕೊಳವೆಗೆ ಗಾಳಿ ಸೇರುತ್ತಿದೆಯೇ ಎಂಬುದನ್ನೂ ನೋಡುವುದು.

3. ವಾಲ್ವ್‌ಗಳ ಟ್ಯಾಪೆಟ್ ಅಂತರವನ್ನು ತಯಾರಕರ ಅಳತೆಗೆ ಸರಿಹೊಂದಿಸುವುದು.

4. ಇಂಜೆಕ್ಟರ್‌ಗಳನ್ನು ಎರಡು ಇಂಜಿನ್‌ಗಳ ನಡುವೆ ಅದಲುಬದಲು ಮಾಡಿ ನೋಡುವುದು. ದೋಷವು ಇಂಜೆಕ್ಟರಿನೊಡನೆ ಇನ್ನೊಂದು ಇಂಜಿನ್ನಿಗೆ ಹೋದರೆ ತಪ್ಪು ಇಂಜೆಕ್ಟರಿನದು. ಹಳೆಯ ಇಂಜಿನ್ನಿನಲ್ಲಿಯೇ ಉಳಿದರೆ ಮುಂದಿನ ಹೆಜ್ಜೆ. ಈ ಸರಳ ಪರೀಕ್ಷೆಯು ಒಂದೇ ಮಾದರಿಯ ಜೋಡಿ ಉಳ್ಳವರಿಗೆ ಮಾತ್ರ ಲಭ್ಯ.

5. ಕಂಪ್ರೆಷನ್ ಪರೀಕ್ಷೆ. ನೀಲಿ ಹೊಗೆ ಕಂಡರೆ ಆಯಿಲ್ ಸುಡುತ್ತಿದೆಯೆಂದು ಅರ್ಥ. ಅದು ಟೈಮಿಂಗ್ ದೋಷವಲ್ಲ.

6. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟೈಮಿಂಗ್ ಪರಿಶೀಲನೆ.

ಹಳೆಯ ಮಾದರಿಯ ಪಂಪುಗಳಲ್ಲಿ, ಒಂದನೆಯ ಸಿಲಿಂಡರಿಗೆ ಇಂಧನ ಹರಿಯುವುದು ನಿಲ್ಲುವ ಕ್ಷಣದಲ್ಲಿ ಫ್ಲೈವೀಲಿನ ಗುರುತು ಎಲ್ಲಿದೆಯೆಂದು ನೋಡುವುದು ರೂಢಿ. ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಫ್ಲೈವೀಲಿನ ಗುರುತು ಪ್ರತಿ ಸುತ್ತಿನಲ್ಲಿಯೂ ಬರುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಇಂಧನ ಚಿಮ್ಮುವುದು ಎರಡು ಸುತ್ತಿಗೊಮ್ಮೆ. ಆದುದರಿಂದ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನಲ್ಲಿದೆಯೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಎರಡನೆಯದಾಗಿ, ಫ್ಲೈವೀಲನ್ನು ಇಂಜಿನ್ ನಡೆಯುವ ದಿಕ್ಕಿನಲ್ಲಿಯೇ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಗೇರುಗಳ ಸಡಿಲದಿಂದ ಅಳತೆ ತಪ್ಪುತ್ತದೆ. ಕ್ಯಾಲಿಬ್ರೇಷನ್ನಿಗೆ ಹೋಗಿ ಬಂದ ಪಂಪನ್ನು ಒಂದು ಹಲ್ಲು ತಪ್ಪಿಸಿ ಜೋಡಿಸಿರುವುದು, ಕಪ್ಲಿಂಗಿನ ಬೋಲ್ಟು ಸಡಿಲವಾಗಿರುವುದು ಸಾಮಾನ್ಯ ಕಾರಣಗಳಲ್ಲಿ ಸೇರಿವೆ. ಆದುದರಿಂದ ಪಂಪನ್ನು ಬಿಚ್ಚಿ ಜೋಡಿಸಿದ ದಿನಾಂಕವು ದಾಖಲೆಯಲ್ಲಿರುವುದು ಅತ್ಯಗತ್ಯ. ಬಳಕೆ ಏರಿದ ತಿಂಗಳೂ ಆ ದಿನಾಂಕವೂ ಹೊಂದಿಕೊಂಡರೆ ದೋಷದ ಮೂಲ ಅರ್ಧ ಸಿಕ್ಕಂತೆಯೇ.

ಇಲ್ಲಿ ಒಂದು ಎಚ್ಚರಿಕೆ. 2023ರ ಜುಲೈ 1ರಿಂದ ಜನರೇಟರ್‌ಗಳಿಗೆ ಕಠಿಣತರವಾದ ಹೊಗೆ ಮಾನದಂಡಗಳು ಜಾರಿಗೆ ಬಂದ ಬಳಿಕ ಮಾರುಕಟ್ಟೆಗೆ ಬಂದ ಅನೇಕ ಇಂಜಿನ್‌ಗಳಲ್ಲಿ ಟೈಮಿಂಗನ್ನು ಎಲೆಕ್ಟ್ರಾನಿಕ್ ನಿಯಂತ್ರಕವೇ ನಿರ್ವಹಿಸುತ್ತದೆ. ಇವುಗಳಲ್ಲಿ ಸ್ಪ್ಯಾನರಿಗೆ ಕೆಲಸವಿಲ್ಲ. ಅಧಿಕೃತ ಸೇವಾ ಕೇಂದ್ರದವರಿಂದಲೇ ದೋಷ ಸಂಕೇತಗಳನ್ನು ಓದಿಸಬೇಕು.

ಇಡಬೇಕಾದ ದಾಖಲೆ

ಪ್ರತಿ ಇಂಜಿನ್ನಿಗೂ ಪ್ರತ್ಯೇಕ ಪುಟ. ಅದರಲ್ಲಿ ಆರು ಕಲಮುಗಳು: ದಿನಾಂಕ, ನಡೆದ ಗಂಟೆ, ಉತ್ಪಾದಿಸಿದ ಯೂನಿಟ್, ಹಾಕಿದ ಡೀಸೆಲ್, ಲೀಟರಿಗೆ ಯೂನಿಟ್, ಮಾಡಿಸಿದ ರಿಪೇರಿ. ಆದಾಯ ತೆರಿಗೆಯ ಸವಕಳಿ ಲೆಕ್ಕದಲ್ಲಿ ಒಂದೇ ದರದ ಎರಡು ಜನರೇಟರ್‌ಗಳು ಒಂದೇ ಆಸ್ತಿ ಸಮೂಹದಲ್ಲಿ ಬೆರೆತುಹೋಗುತ್ತವೆ. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಅವು ಬೆರೆಯಬಾರದು. ತಿಂಗಳ ಕೊನೆಗೆ ಎರಡು ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಹತ್ತು ನಿಮಿಷ ಸಾಕು. ಲೀಟರಿಗೆ ಯೂನಿಟ್‌ನ ಅಂತರ ಸತತವಾಗಿ ಎರಡು ತಿಂಗಳು ಬೆಳೆದರೆ, ಹೊಗೆಯನ್ನೋ ಬಡಿತವನ್ನೋ ಕಾಯದೆ ಮೆಕ್ಯಾನಿಕ್‌ಗೆ ಹೇಳಿಕಳುಹಿಸುವುದು ಜಾಣತನ. ಅವನ ಕೈಗೆ ಆ ಎರಡು ಪುಟಗಳನ್ನೂ ಕೊಟ್ಟರೆ, ಎಲ್ಲಿಂದ ಆರಂಭಿಸಬೇಕೆಂಬುದು ಅವನಿಗೂ ಸ್ಪಷ್ಟವಾಗುತ್ತದೆ.